ಶರಣು ಬೇಡವೆಂದ ಚಹಾ

ಸಂಜೆ ಐದರ ಸುಮಾರಿಗೆ ನಮ್ಮ ಓಣಿಯಲ್ಲಿ ಎಲ್ಲ ಮನೆಗಳ ಚಹಾ ಒಟ್ಟಿಗೇ ಕುದಿಯುತ್ತದೆ. ಸನತ್‌ನಗರದ ಶೆಡ್ಡುಗಳ ಬೆನ್ನಿಗೆ, ಗೋಡೆಗೆ ಗೋಡೆ ಅಂಟಿಸಿಕೊಂಡು ಎದ್ದ ಮನೆಗಳಿವು. ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತಾರೆ. ಯಾರು ಶುಂಠಿ ಜಜ್ಜಿದರು, ಯಾರ ಹಾಲು ಉಕ್ಕಿ ತಳ ಹತ್ತಿತು ಎಂಬುದನ್ನು ನಮ್ಮ ಬಾಗಿಲಲ್ಲಿ ಕೂತೇ ಹೇಳಬಹುದು. ಇವತ್ತು ಒಣಗಿದ ಬಟ್ಟೆ ಮಡಚುತ್ತ ಕೂತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅರ್ಧ ಮಡಚಿದ ಲುಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಎದ್ದು ನಿಂತಿದ್ದೆ. ಎಲ್ಲಿಗೆ ಹೊರಟೆ ಎಂದು ನನಗೇ ತಿಳಿಯದು. ಹೊಸ್ತಿಲ ತನಕ ಹೋಗಿ ಓಣಿಯ ತುದಿ ನೋಡಿದೆ, ಬಂದು ಕೂತೆ, ಮತ್ತೆ ಎದ್ದೆ. ಚಹಾದ ವಾಸನೆ ಬಂದರೆ ನಾಲ್ಕು ಜನಕ್ಕೆ ಕೂರಬೇಕು ಅನ್ನಿಸುತ್ತದೆ. ನನಗೆ ಮಾತ್ರ ಏಳಬೇಕು ಅನ್ನಿಸುತ್ತದೆ. ಇದಕ್ಕೆ ಕಾರಣ ನನ್ನ ಮೈದುನ ಶರಣು. ಕೂತು ಕೇಳುವ ಪುರುಸೊತ್ತು ನಿಮಗಿದ್ದರೆ ಹೇಳುತ್ತೇನೆ. ನಾನು ನಡುನಡುವೆ ಎದ್ದು ಹೋದರೆ ಬೇಸರ ಮಾಡಿಕೊಳ್ಳಬೇಡಿ.

ನಾವು ಲಿಂಗಸುಗೂರು ಕಡೆಯವರು. ನಮ್ಮ ಮನೆಯವರು ಮೊದಲು ಈ ತೆಲುಗು ಊರಿಗೆ ಬಂದು ಪಂಪಿನ ಬಿಡಿಭಾಗ ಮಾಡುವ ಸಣ್ಣ ಶೆಡ್ಡೊಂದರಲ್ಲಿ ನೆಲೆ ನಿಂತರು. ಆಮೇಲೆ ತಮ್ಮನನ್ನು ಕರೆಸಿಕೊಂಡು ಲೇತ್ ಮಷೀನಿನ ಮುಂದೆ ನಿಲ್ಲಿಸಿದರು. ಶರಣು ಚುರುಕಿನ ಹುಡುಗ, ಬಾಯಿ ಮಾತ್ರ ಸ್ವಲ್ಪ ಹೆಚ್ಚು. ಊಟಕ್ಕೆ ಕೂತರೆ ಶೆಡ್ಡಿನ ಮಾಲೀಕನ ನಡಿಗೆಯನ್ನು ಕೂತಲ್ಲಿಂದಲೇ ಮಾಡಿ ತೋರಿಸುತ್ತಿದ್ದ. ಅಂಥವನು ಒಂದು ಚಳಿಗಾಲದಲ್ಲಿ ಮಾತು ನಿಲ್ಲಿಸಿದ. ನಿದ್ದೆ ಬಿಟ್ಟ. ಮಷೀನು ತನ್ನ ಹೆಸರು ಹಿಡಿದು ಕರೆಯುತ್ತದೆ ಅಂದ. ನಾವು ಮೊದಲು ನಕ್ಕೆವು, ಆಮೇಲೆ ಯಾರದೋ ಕಣ್ಣು ತಾಗಿದೆ ಅಂದೆವು, ಕೊನೆಗೆ ಆಸ್ಪತ್ರೆ ಅಂದೆವು. ನೀವೂ ಹಾಗೇ ಮಾಡುತ್ತಿದ್ದಿರಿ, ಸುಮ್ಮನೆ ಒಪ್ಪಿಕೊಳ್ಳಿ.

ಆಸ್ಪತ್ರೆಗೆ ಹೋಗುವ ಮುನ್ನ ನಡೆದದ್ದೊಂದು ಇದೆ. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು ಕಾಶೀಬಾಯಿಯದು. ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಜನಕ್ಕೆ ಜೋಳದ ರೊಟ್ಟಿ ಬಡಿದು ಮಾರುವ ಮುದುಕಿ. ದಿನವಿಡೀ ಬೈಯುವ ಗಂಟಲು ಹಳೆಯ ಹಾರ್ಮೋನಿಯಂ, ಕೈ ಮಾತ್ರ ಗಟ್ಟಿ. ಶರಣು ಅವಳನ್ನು ಆಯಿ ಅನ್ನುತ್ತಿದ್ದ, ದಿನಾ ಸಂಜೆ ಅವಳ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದೇ ಮನೆಗೆ ಬರುತ್ತಿದ್ದ. ಒಂದು ಸಂಜೆ ಅವಳು ಕೊಟ್ಟ ಗ್ಲಾಸನ್ನು ಮೂಸಿ ನೋಡಿ, "ಇದರಾಗ ಏನ್ ಕಲಸೀದಿ? ಯಾರು ಹೇಳ್ಯಾರ ನಿನಗ?" ಎಂದು ಕಿರುಚಿ, ಗ್ಲಾಸನ್ನು ಅವಳ ಹೊಸ್ತಿಲಿಗೇ ಬೀಸಿ ಒಗೆದ. ಇಡೀ ಓಣಿ ನೋಡಿತು. ನಮ್ಮ ಜನರಲ್ಲಿ ಕೊಟ್ಟ ಚಹಾ ಬೇಡ ಅನ್ನುವುದೇ ದೊಡ್ಡ ಮಾತು. ವಿಷ ಹಾಕಿದ್ದೀರಿ ಅಂದ ಮೇಲೆ ಇನ್ನೇನು ಉಳಿಯಿತು? ಕಾಶೀಬಾಯಿ ಚೂರುಗಳನ್ನು ಸೆರಗಿನಲ್ಲಿ ಆರಿಸಿಕೊಂಡು ಬಾಗಿಲು ಮುಚ್ಚಿದಳು. ಅವಳು ಬಾಯಿ ಮುಚ್ಚಿದ್ದನ್ನು ಅವತ್ತೇ ನಾನು ಮೊದಲ ಸಲ ನೋಡಿದ್ದು.

ಆಸ್ಪತ್ರೆ ಇರುವ ಬಡಾವಣೆಯ ಹೆಸರನ್ನು ಈ ಊರಿನವರು ಬೈಗುಳದ ಹಾಗೆ ಬಳಸುತ್ತಾರೆ, ಹಾಗಾಗಿ ಇಲ್ಲಿ ಹೇಳುವುದಿಲ್ಲ. ಕೆಲವು ವಾರ ಒಳಗಿದ್ದು ಹೊರಬಂದ ಶರಣುವಿಗೆ ಸ್ಕಿಜೋಫ್ರೇನಿಯಾ ಎಂಬ ಹೆಸರೂ, ಬೆಳಿಗ್ಗೆ ರಾತ್ರಿ ನುಂಗುವ ಗುಳಿಗೆಗಳೂ ಜೊತೆಗೆ ಬಂದವು. ಗುಳಿಗೆ ಒಳ್ಳೆಯದನ್ನೇ ಮಾಡಿತು. ಮಷೀನು ಕರೆಯುವುದನ್ನು ನಿಲ್ಲಿಸಿತು, ನಿದ್ದೆ ಬಂತು. ಆದರೆ ಒಂದನ್ನು ಕೊಟ್ಟು ಇನ್ನೆರಡನ್ನು ಹಚ್ಚಿತು. ಒಂದು, ಹಸಿವು. ಉಂಡು ಕೈ ತೊಳೆದವನು ಒರೆಸಿಕೊಳ್ಳುವಷ್ಟರಲ್ಲಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. ಇನ್ನೊಂದು, ಕಾಲು. ಕೂತರೆ ಮೊಣಕಾಲು ಕುಣಿಯುತ್ತಿತ್ತು. ನಿಂತರೆ ಎಡಗಾಲಿಂದ ಬಲಗಾಲಿಗೆ, ಬಲಗಾಲಿಂದ ಎಡಗಾಲಿಗೆ, ಬಸ್ಸು ತಪ್ಪುತ್ತದೆ ಎಂಬ ಗಾಬರಿಯಲ್ಲಿರುವವನ ಹಾಗೆ. ಡಾಕ್ಟರು ಅದು ಗುಳಿಗೆಯ ಗುಣವೆಂದು ಹೇಳಿ ಪ್ರಮಾಣ ಬದಲಿಸಿದರು. ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅವನ ಕಾಲಿಗೆ ಕಡಿಮೆಯಾದದ್ದು ನನ್ನ ಕಾಲಿಗೆ ಬಂದು ಸೇರಿತೋ ಏನೋ. ಅವನು ಬಚ್ಚಲಲ್ಲಿ ಸ್ವಲ್ಪ ತಡ ಮಾಡಿದರೂ ನಾನು ಒಲೆಯ ಮುಂದಿನಿಂದ ಎದ್ದು ಬಂದು ನೀರಿನ ಸದ್ದಿಗೆ ಕಿವಿ ಕೊಡುತ್ತಿದ್ದೆ. ನಮ್ಮ ಮನೆಯಲ್ಲಿ ಆ ವರ್ಷಗಳಲ್ಲಿ ತಳ ಹತ್ತದ ಸಾರು ಅಪರೂಪ.

ಅವನ ಮೈ ಊದತೊಡಗಿತು. ಅಂಗಿಯ ಗುಂಡಿಗಳು ಒಂದೊಂದಾಗಿ ಹರಿದವು, ಆಮೇಲೆ ಅಂಗಿಗಳೇ ನನ್ನ ಒರೆಸುವ ಬಟ್ಟೆಗಳಾದವು. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದ: "ವೈನಿ, ಇದು ನಂದಲ್ಲ. ಯಾರದೋ ಹೊಟ್ಟಿ ತಂದು ನಂಗ ಹಚ್ಯಾರ." ರೋಗದ ಮಾತೋ, ಸಂಕಟದ ಮಾತೋ ತಿಳಿಯದೆ ಅವನ ಕಣ್ಣನ್ನೇ ನೋಡಿದೆ. ಅವನು ನಕ್ಕ. "ಹಂಗ ನೋಡಬ್ಯಾಡ. ಚಾಷ್ಟಿ ಮಾಡಾಕತ್ತೀನಿ. ಆದ್ರ ಗುಳಗಿ ಬಿಟ್ರ ಇದು ಇಳೀತೈತಿ, ಹೌದಲ್ಲ?"

ಆ ಮಾತಿಗೆ ನಮ್ಮ ಮನೆಯ ನೆಲವೇ ಓರೆಯಾಗುತ್ತಿತ್ತು. ಹಿಂದೆ ಒಮ್ಮೆ ಯಾರಿಗೂ ಹೇಳದೆ ಗುಳಿಗೆ ಬಿಟ್ಟಿದ್ದ. ಕೊನೆಗೆ ಅವನು ಸಿಕ್ಕದ್ದು ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಅಣ್ಣನನ್ನು ಕಂಡು ಕಳ್ಳನನ್ನು ಕಂಡಂತೆ ಓಡಿದ. ಮತ್ತೆ ಆಸ್ಪತ್ರೆ, ಮತ್ತೆ ಮೊದಲಿನಿಂದ.

ಹೊಟ್ಟೆಯ ಚಿಂತೆ ಹತ್ತಿದ ಈ ದಿನಗಳಲ್ಲಿ ನಮಗೆ ಸಿಕ್ಕಿದವರು ಸುಜಾತಾ ಮೇಡಂ. ಹೊರರೋಗಿಗಳ ವಿಭಾಗದ ಹಿಂದೆ ಒಂದು ಕೋಣೆ. ವಾರಕ್ಕೊಮ್ಮೆ ಇಂಥ ಗುಳಿಗೆಯವರನ್ನೂ ಅವರ ಮನೆಯವರನ್ನೂ ಕೂರಿಸಿಕೊಂಡು ತೂಕ ನೋಡುವುದು, ಊಟದ ಮಾತಾಡುವುದು, ಕೈಕಾಲು ಆಡಿಸುವುದು, ಬೀಡಿ ಬಿಡುವವರನ್ನು ಹುರಿದುಂಬಿಸುವುದು ಅವರ ಕೆಲಸ. ಅವರದು ತೆಲುಗು, ನನ್ನದು ಬಸ್ಸಿನಲ್ಲಿ ಕಲಿತ ತೆಲುಗು. ಆದರೂ ಅಡಿಗೆಯ ಮಾತಿಗೆ ಭಾಷೆ ಅಡ್ಡ ಬರಲಿಲ್ಲ. ರೊಟ್ಟಿ ಇರಲಿ, ಅನ್ನದ ಗುಡ್ಡ ಸಣ್ಣದಾಗಲಿ, ಪಲ್ಯ ಹೆಚ್ಚಲಿ, ಚಹಾದ ಸಕ್ಕರೆ ಹೋಗಲಿ ಅಂದರು. ಎಲ್ಲಕ್ಕಿಂತ ಹೆಚ್ಚಾಗಿ ನಡೆಯಲಿ. "ಗುಳಿಗೆ ತಲೆಯನ್ನು ನೋಡಿಕೊಳ್ಳುತ್ತದಮ್ಮಾ, ಉಳಿದ ಮೈಯನ್ನು ನಾವು ನೋಡಿಕೊಳ್ಳಬೇಕು" ಎಂದರು. ಸಕ್ಕರೆ ಕಾಯಿಲೆ ಇನ್ನೂ ಹತ್ತಿಲ್ಲ, ಆದರೆ ಬಾಗಿಲಲ್ಲಿ ನಿಂತಿದೆ ಎಂದೂ ಹೇಳಿದರು. ಶರಣು ಅವರನ್ನೇ ನೇರ ಕೇಳಿದ: "ನಡದ್ರ ಹೊಟ್ಟಿ ಇಳೀತೈತೇನ್ರಿ? ಇಳೀಲಿಲ್ಲಂದ್ರ ನಾ ಗುಳಗಿ ಬಿಡಾಂವ." ನಾನು ಅದನ್ನು ತೆಲುಗಿಗೆ ತಿರುಗಿಸುವಾಗ ಕೊನೆಯ ಮಾತನ್ನು ನುಂಗಿಕೊಂಡೆ. ಮೇಡಂಗೆ ಅರ್ಥವಾಗಿಯೇ ಇತ್ತು.

ಹೀಗೆ ನಮ್ಮ ನಡಿಗೆ ಶುರುವಾಯಿತು. ಸಂಜೆ ಅವನು ಮುಂದೆ, ನಾನು ಹಿಂದೆ. ಅವನದು ಸೈಕಲ್ಲಿನ ವೇಗ, ನನ್ನದು ಎತ್ತಿನ ಗಾಡಿಯದು. ಸೀರೆಯ ನೆರಿಗೆ ಹಿಡಿದುಕೊಂಡು ನಾನು ಓಡುವುದನ್ನು ನೋಡಿ ಪಂಕ್ಚರ್ ಅಂಗಡಿಯ ಇಸ್ಮಾಯಿಲ್ ಭಾಯಿ ತಲೆ ತಗ್ಗಿಸಿ ನಗು ನುಂಗುತ್ತಿದ್ದರು. ಉಳಿದವರು ನಗುತ್ತಲೂ ಇರಲಿಲ್ಲ. ನಾವು ಬಂದರೆ ಬಾಗಿಲಲ್ಲಿ ಆಡುವ ಮಕ್ಕಳನ್ನು ಒಳಗೆ ಕರೆಯುವವರೇ ಹೆಚ್ಚು. ಶರಣುವಿಗೆ ಅದು ಕಾಣುತ್ತಿತ್ತು. ಕಂಡಷ್ಟೂ ಅವನ ವೇಗ ಹೆಚ್ಚುತ್ತಿತ್ತು.

ಒಂದು ಸಂಜೆ ಕಾಶೀಬಾಯಿ ಹೊಸ್ತಿಲಲ್ಲಿ ಕೂತಿದ್ದಳು. ನಾವು ದಾಟಿ ಹೋದ ಮೇಲೆ, ಬೆನ್ನಿಗೆ ಕೇಳಿಸಿತು: "ಏ ಶರಣ್ಯಾ, ಚಹಾ ಕುಡಿತೀಯೇನೋ?"

ಶರಣು ನಿಂತ. ನಾನೂ ನಿಂತೆ. ಇಸ್ಮಾಯಿಲ್ ಭಾಯಿಯ ಅಂಗಡಿಯ ಗಾಳಿಯಂತ್ರ ಕೂಡ ಆಗಲೇ ನಿಲ್ಲಬೇಕೆ! ಅವನು ತಿರುಗಿ ಬಂದು ಅದೇ ಮೆಟ್ಟಿಲ ಮೇಲೆ ಕೂತ, ಅವಳು ಕೊಟ್ಟ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿ ಸುಟ್ಟರೂ ನಿಲ್ಲಿಸದೆ ಕುಡಿದ. ಖಾಲಿ ಗ್ಲಾಸನ್ನು ಓಣಿಗೆಲ್ಲ ಕಾಣುವ ಹಾಗೆ ಕೆಳಗಿಟ್ಟ. ಅವತ್ತು ಮನೆಗೆ ಬಂದು ನಾನು ಒಲೆಯ ಮುಂದೆ ಕೂತು ಅತ್ತೆ. ನಮ್ಮ ಮನೆಯವರು ಈರುಳ್ಳಿ ಹೆಚ್ಚಿದ್ದಾಳೆಂದು ತಿಳಿದರು.

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕರೆದರು. ಮೊಣಕಾಲು ನೋವಿನಿಂದ ನಾನು ಹಿಂದೆ ಉಳಿದೆ, ಅವನು ಒಬ್ಬನೇ ನಡೆಯತೊಡಗಿದ. ಇದಕ್ಕಿಂತ ಹೆಮ್ಮೆ ಏನಿದೆ ಹೇಳಿ. ಆದರೆ ಆಸ್ಪತ್ರೆಯ ತೂಕದ ಯಂತ್ರಕ್ಕೆ ನಮ್ಮ ಹೆಮ್ಮೆ ತಿಳಿಯಲಿಲ್ಲ. ಮುಳ್ಳು ಇಳಿಯುವುದಿರಲಿ, ಏರಿತು. ಮುಂದಿನ ಸಲ ಇನ್ನೂ ಏರಿತು. ಸುಜಾತಾ ಮೇಡಂ ಯಂತ್ರವನ್ನೇ ಸರಿಸಿ ಬೇರೆ ಕಡೆ ಇಟ್ಟು ನೋಡಿದರು. ಮನೆಯಲ್ಲಿ ನಮ್ಮವರು ನನ್ನ ಮೇಲೆ ಬಿದ್ದರು.

"ನೀ ಕದ್ದು ತುಪ್ಪ ಹಾಕ್ತಿ."

"ತುಪ್ಪದ ಡಬ್ಬಿ ನಿಮ್ಮ ತಲಿ ಕೆಳಗ ಇಟಗೊಂಡ ಮಲಕ್ಕೋರಿ ಹಂಗಾರ."

ಶರಣು ಕಾಲು ಬದಲಿಸುತ್ತ ನಿಂತಿದ್ದ.

ಮರುದಿನ ಸಂಜೆ ನೋವು ನುಂಗಿಕೊಂಡು ದೂರದಿಂದ ಅವನ ಹಿಂದೆ ಹೋದೆ. ಕಾಶೀಬಾಯಿಯ ಮನೆಯಲ್ಲಿ ಒಂದು ಗ್ಲಾಸು. ಅಲ್ಲಿಂದ ಎದ್ದರೆ ಇಸ್ಮಾಯಿಲ್ ಭಾಯಿ: "ಆವ್ ಮಿಯಾ, ಚಾಯ್ ಪೀಕೇ ಜಾವ್!" ಅಲ್ಲಿ ಚಹಾದ ಜೊತೆ ಉಸ್ಮಾನಿಯಾ ಬಿಸ್ಕೀಟು. ಮೂಲೆಯ ಮನೆಯಲ್ಲಿ ಚಹಾ ಮತ್ತು ಮಿರ್ಚಿ ಭಜಿ. ತಿರುವಿನಲ್ಲಿ ಇನ್ನೊಬ್ಬರು. ಅವನು ಎಲ್ಲಿಯೂ ಸವಿದು ಕುಡಿಯಲಿಲ್ಲ. ಗುಳಿಗೆ ನುಂಗುವ ಹಾಗೆ ನುಂಗಿ, ಖಾಲಿ ಗ್ಲಾಸು ತೋರಿಸಿ, ಮುಂದಿನ ಬಾಗಿಲಿಗೆ ಹೋದ. ಸಕ್ಕರೆ ಇಳಿಸಲೆಂದು ಹಚ್ಚಿದ ನಡಿಗೆ ಓಣಿಯ ಸಕ್ಕರೆಯನ್ನೆಲ್ಲ ಅವನ ಹೊಟ್ಟೆಗೆ ಸೇರಿಸುತ್ತಿತ್ತು. ನನಗೆ ನಗು ಬಂತು, ನಗುತ್ತಲೇ ಅವನನ್ನು ಹಿಡಿದೆ.

"ಅಲ್ಲೋ, ಒಂದು ಮನ್ಯಾಗರ ಬ್ಯಾಡ ಅನ್ನಬಾರದೇನೋ?"

ಅವನು ನಗಲಿಲ್ಲ. "ಹ್ಯಾಂಗ ಅನ್ನಲಿ ವೈನಿ? ನೀವು ಬ್ಯಾಡ ಅಂದ್ರ ಹೊಟ್ಟಿ ತುಂಬೇತಿ ಅಂತಾರ. ನಾ ಬ್ಯಾಡ ಅಂದ್ರ ಮತ್ತ ತಲಿ ಕೆಟ್ಟೈತಿ ಅಂತಾರ."

ನನ್ನ ನಗು ಅಲ್ಲೇ ಆರಿತು. ಅವನು ಚಹಾ ಕುಡಿಯುತ್ತಿರಲಿಲ್ಲ, ತಾನು ನೆಟ್ಟಗಿದ್ದೇನೆ ಎಂದು ಬಾಗಿಲು ಬಾಗಿಲಿಗೆ ಸಾಕ್ಷಿ ಹೇಳುತ್ತಿದ್ದ. ಸ್ವಲ್ಪ ದೂರ ನಡೆದು ಮತ್ತೆ ಅಂದ: "ಚಹಾ ಬಿಡಾಕ ಬರಂಗಿಲ್ಲ. ಗುಳಗೀನ ಬಿಡ್ತೀನಿ. ಅದು ಯಾರಿಗೂ ಕಾಣಂಗಿಲ್ಲ."

ಇದನ್ನು ಸುಜಾತಾ ಮೇಡಂಗೆ ಹೇಳಿದಾಗ ಅವರು ಮೊದಲು ನಕ್ಕರು, ಆಮೇಲೆ ಮತ್ತೊಮ್ಮೆ ಹೇಳಿಸಿ ಕೇಳಿದರು. ಆ ವಾರ ಕೋಣೆಯಲ್ಲಿ ವ್ಯಾಯಾಮ ಬಿಟ್ಟು ನಾಟಕ ಹಚ್ಚಿದರು. ತಾವೇ ಮನೆಯೊಡತಿಯಾಗಿ, ಖಾಲಿ ಲೋಟ ಹಿಡಿದು ಒಬ್ಬೊಬ್ಬರನ್ನೇ ಒತ್ತಾಯ ಮಾಡುವುದು. ಅವರು ಬೇಡ ಅನ್ನುವುದು. ನೋಡಿದರೆ ಅಲ್ಲಿದ್ದವರಿಗೆಲ್ಲ ಇದೇ ಫಜೀತಿ! ನಾಚಾರಂನಿಂದ ಬರುವ ಒಬ್ಬ ಹೆಂಗಸು ಅತ್ತೆಯ ಮನೆಯ ಲಾಡು ಬೇಡವೆಂದದ್ದಕ್ಕೆ ಮನೆಯವರು ಅವಳ ಗುಳಿಗೆ ಡಬ್ಬಿ ತೆಗೆದು ನೋಡಿದ್ದರಂತೆ. ಎಲ್ಲರೂ ಬೇಡ ಅನ್ನಲು ಕಲಿತರು. ಶರಣುವಿನ ಸರದಿ ಬಂತು. ಮೇಡಂ, "ತೀಸ್ಕೋಂಡಿ, ತೀಸ್ಕೋಂಡಿ" ಎಂದು ಲೋಟ ಮುಂದೆ ಹಿಡಿದರು. ಅವನು ಕೈ ಜೋಡಿಸಿ, ಬೆವರಿ, ಕೊನೆಗೆ ಆ ಖಾಲಿ ಲೋಟವನ್ನೇ ತೆಗೆದುಕೊಂಡು ಗಟಗಟ ಕುಡಿದುಬಿಟ್ಟ. ಕೋಣೆಯೆಲ್ಲ ನಕ್ಕಿತು. ಅವನೂ ನಕ್ಕ. ಮೇಡಂ ಅಂದರು, ಅವಸರವಿಲ್ಲ, ಇನ್ನೊಂದು ವಾರ.

ಅವಸರ ಇದ್ದದ್ದು ನಮ್ಮ ಮನೆಯವರಿಗೆ. ಶೆಡ್ಡಿನಲ್ಲಿ ಹತ್ತು ಜನರಿಗೆ ಕೆಲಸ ಹೇಳುವ ಮನುಷ್ಯ. ಒಂದು ರವಿವಾರ ಬೆಳಿಗ್ಗೆ ಓಣಿಯ ಉದ್ದಕ್ಕೂ ಹೋಗಿ, ಬಾಗಿಲು ಬಾಗಿಲಿಗೆ, "ನಮ್ಮ ಶರಣೂಗ ಇನ್ನ ಮ್ಯಾಲೆ ಚಹಾ ಕೊಡಬ್ಯಾಡ್ರಿ" ಎಂದು ಹೇಳಿ ಬಂದರು. ಯಾಕೆ ಎಂದು ಹೇಳಲಿಲ್ಲ. ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಏಕೆಂದರೆ ಓಣಿಗೆ ಗೊತ್ತಿದ್ದ ಕಾರಣ ಒಂದೇ: ಹುಡುಗನ ತಲೆ ಮತ್ತೆ ಕೆಟ್ಟಿದೆ.

ಆ ಸಂಜೆ ಶರಣು ಹೋದಷ್ಟೇ ಬೇಗ ತಿರುಗಿ ಬಂದ. "ಯಾರೂ ಕರೀಲಿಲ್ಲ" ಅಂದ. ಮರುದಿನ ಮಕ್ಕಳನ್ನು ಮತ್ತೆ ಒಳಗೆ ಕರೆದುಕೊಂಡರಂತೆ. ಮೂರನೆಯ ಸಂಜೆ ಹೊರಗೆ ಹೋಗಲೇ ಇಲ್ಲ. ಗೋಡೆಯಿಂದ ಗೋಡೆಗೆ ನಡೆದ. ಊಟದ ಮೇಲೆ ಗುಳಿಗೆ ಕೊಟ್ಟೆ, ನೀರು ಕುಡಿದ. ಹಾಸಿಗೆ ಸರಿ ಮಾಡಲು ಹೋದಾಗ ಅವನ ಮುಷ್ಟಿ ಮುಚ್ಚಿತ್ತು. ನಾನು ಕೈ ಚಾಚಿದೆ. ಅವನು ಬೆರಳು ಬಿಡಿಸಿದ. ಬೆವರಿಗೆ ಅರ್ಧ ಕರಗಿ ಅಂಗೈಗೆ ಅಂಟಿದ ಗುಳಿಗೆ.

"ಹೆಂಗಿದ್ರೂ ಹುಚ್ಚ ಅಂತಾರ. ನುಂಗಿ ಯಾಕ ದಪ್ಪ ಆಗಲಿ?"

ನನ್ನ ಬಳಿ ಆಗ ಇದ್ದದ್ದು ಸಿಟ್ಟು. ಬೇರೆ ಗುಳಿಗೆ ತಂದುಕೊಟ್ಟು ಹೇಳಿದೆ: "ಇವತ್ತೊಂದು ನುಂಗು. ನಾಳೆ ಕಾಶೀಬಾಯಿ ಮನಿಗೆ ಹೋಗೂಣು. ನೀ ಏನರ ಅನ್ನು, ನಾ ಪಕ್ಕಕ್ಕ ಕುಂದರ್ತೀನಿ." ಅವನು ಬಹಳ ಹೊತ್ತು ಗುಳಿಗೆಯನ್ನೇ ನೋಡಿದ. ನುಂಗಿದ. ಬಾಯಿ ತೆರೆದು ತೋರಿಸಿದ, ನಾನು ಕೇಳದೆಯೇ. ಅದು ನನಗೆ ಚುಚ್ಚಿತು.

ಮರುದಿನ ಹೋದೆವು. ಕಾಶೀಬಾಯಿ ರೊಟ್ಟಿ ಬಡಿಯುತ್ತಿದ್ದಳು. ನಮ್ಮನ್ನು ಕಂಡು ಕೈ ನಿಂತಿತು. ಶರಣು ಕರೆಯದಿದ್ದರೂ ಮೆಟ್ಟಿಲ ಮೇಲೆ ಕೂತು, "ಆಯಿ, ಚಹಾ ಮಾಡು" ಅಂದ. ಅವಳು ನನ್ನ ಮುಖ ನೋಡಿದಳು. ನಾನು ಬೇಕೆಂದೇ ಓಣಿಯ ನಾಯಿಯನ್ನು ನೋಡಿದೆ. ಒಳಗೆ ಪಾತ್ರೆಯ ಸದ್ದು. ಆ ಚಹಾ ಕುದಿಯಲು ಎಷ್ಟು ಹೊತ್ತು ಹಿಡಿಯಿತು! ಶರಣುವಿನ ಮೊಣಕಾಲು ಕುಣಿಯುತ್ತಿತ್ತು, ನನ್ನದೂ. ಎದುರು ಮನೆಯ ಕಿಟಕಿಯಲ್ಲಿ ತಲೆಗಳು ಸೇರಿದವು. ಇಸ್ಮಾಯಿಲ್ ಭಾಯಿ ಟ್ಯೂಬನ್ನು ನೀರಿನಲ್ಲಿ ಅದ್ದಿ ಹಿಡಿದು, ಗುಳ್ಳೆ ನೋಡುವುದು ಬಿಟ್ಟು ನಮ್ಮನ್ನು ನೋಡುತ್ತಿದ್ದರು.

ಗ್ಲಾಸು ಬಂತು. ಶರಣು ತೆಗೆದುಕೊಂಡ. ಒಂದು ಗುಟುಕು ಕುಡಿದ. ಆಮೇಲೆ ಗ್ಲಾಸನ್ನು ನಿಧಾನವಾಗಿ, ಒಂದು ಹನಿ ಚೆಲ್ಲದಂತೆ, ಅವಳ ಕಡೆ ಸರಿಸಿದ.

"ಆಯಿ, ಇದರಾಗ ಏನೂ ಕಲಸಿಲ್ಲ. ಅದು ನಂಗ ಗೊತ್ತೈತಿ. ಆದ್ರ ಸಕ್ಕರಿ ಭಾಳ ಹಾಕ್ತಿ, ಅಂಟು ಪಾಕ ಆಗೇತಿ. ನಂಗ ಬ್ಯಾಡ. ಗುಳಗಿ ತಿಂದು ತಿಂದು ನಾ ಮೊದಲ ಊದೀನಿ. ನೀ ಕುಡಿ. ನಾ ಸುಮ್ನ ಕುಂದರ್ತೀನಿ."

ಕಾಶೀಬಾಯಿ ಗ್ಲಾಸು ಎತ್ತಿಕೊಂಡು ತಾನೊಂದು ಗುಟುಕು ಕುಡಿದಳು. ಸೊಂಟಕ್ಕೆ ಕೈ ಕೊಟ್ಟಳು. ಆ ಹಾರ್ಮೋನಿಯಂ ಗಂಟಲು ತೆರೆಯಿತು.

"ಏ ಭಾಡ್ಯಾ! ನನ್ನ ಚಹಾಕ್ಕ ಹೆಸರಿಡ್ತೀಯಾ? ಮೂವತ್ತು ಮಂದಿ ಕುಡದು ಹೋಗ್ತಾರ, ಒಬ್ಬರರ ಪಾಕ ಅಂದಾರೇನೋ? ನಿಮ್ಮಣ್ಣ ಒಬ್ಬ ಬಂದು ಕೊಡಬ್ಯಾಡ ಅಂತ ಹುಕುಂ ಮಾಡಿ ಹೋದ, ನೀ ಬಂದು ಮಾಡು ಅಂದಿ, ಮಾಡಿದ್ರ ಬ್ಯಾಡ ಅಂತಿ! ಏನ್ ನಿಮ್ಮಪ್ಪನ ಹೊಟೇಲ್ ಏನಿದು?"

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಇಸ್ಮಾಯಿಲ್ ಭಾಯಿ, "ಸಚ್ ಬೋಲ್ರಾ ಮೌಸೀ, ಶಕ್ಕರ್ ಬಹೋತ್ ಡಾಲ್ತೇ ತುಮೇ!" ಎಂದು ಶರಣುವಿನ ಸಕ್ಕರೆಯ ಮಾತಿಗೇ ದನಿಗೂಡಿಸಿ ಕೂಗಿದರು. ಅವರಿಗೂ ಬೈಗುಳ ಬಿತ್ತು. ಶರಣು ತಲೆ ತಗ್ಗಿಸಿ ಕೂತಿದ್ದ. ಅಳುತ್ತಿದ್ದಾನೋ ಎಂದು ಬಗ್ಗಿ ನೋಡಿದೆ. ಹಲ್ಲು ಕಚ್ಚಿ ನಗು ತಡೆದಿದ್ದ, ಕಣ್ಣಲ್ಲಿ ನೀರೂ ಇತ್ತು.

ಆಗ ನನಗೆ ಹೊಳೆಯಿತು. ಅವನು ಆಸ್ಪತ್ರೆಯಿಂದ ಬಂದಾಗಿನಿಂದ ಯಾರೂ ಅವನನ್ನು ಬೈದಿರಲಿಲ್ಲ. ಎಲ್ಲರೂ ಮೆಲ್ಲಗೆ, ಹಾಲಿನ ಪಾತ್ರೆ ದಾಟಿಸುವ ಹಾಗೆ ಮಾತಾಡುತ್ತಿದ್ದರು. ನಾನೂ ಸೇರಿ. ನೆಟ್ಟಗಿದ್ದವರನ್ನು ಮಾತ್ರ ನಾವು ಬಾಯಿ ತುಂಬ ಬೈಯುತ್ತೇವೆ.

ಆ ನಂತರ ಎಲ್ಲ ಸರಿಹೋಯಿತು ಎಂದು ಹೇಳಿದರೆ ನೀವು ನಂಬಬಾರದು. ತೂಕ ಸ್ವಲ್ಪ ಇಳಿಯುತ್ತದೆ, ಹಬ್ಬ ಬಂದರೆ ಏರುತ್ತದೆ. ಡಾಕ್ಟರು ಒಂದು ಗುಳಿಗೆ ಬದಲಿಸಿದರು. ಕೆಟ್ಟ ವಾರಗಳು ಈಗಲೂ ಬರುತ್ತವೆ, ಆಗ ನಾನು ಬಚ್ಚಲ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತೇನೆ. ಲೇತ್‌ಗೆ ಮರಳಲಿಲ್ಲ, ಕಾಶೀಬಾಯಿಯ ರೊಟ್ಟಿಯ ಗಂಟುಗಳನ್ನು ಕಟ್ಟಡದ ಕೆಲಸದವರಿಗೆ ನಡೆದೇ ಮುಟ್ಟಿಸುತ್ತಾನೆ. ಸಂಜೆ ಅವನು ಬರುವ ಹೊತ್ತಿಗೆ ನನ್ನ ಕಾಲುಗಳು ತಾವಾಗಿಯೇ ಏಳುತ್ತವೆ. ಅವಕ್ಕೆ ಇದೆಲ್ಲ ಯಾರು ತಿಳಿಸಿ ಹೇಳುವುದು?

ಇವತ್ತು ಬಟ್ಟೆ ಮಡಚುವುದು ಮುಗಿಯಲೇ ಇಲ್ಲ. ಶರಣು ಬಂದ, ಕೈಕಾಲು ತೊಳೆದು ಅಣ್ಣನ ಪಕ್ಕ ಊಟಕ್ಕೆ ಕೂತ. ಇಷ್ಟು ಹೊತ್ತು ನಡುನಡುವೆ ಎದ್ದು ಹೋಗಿ ಮಾಡಿದ ಬದನೆಕಾಯಿ ಪಲ್ಯ ಬಡಿಸಿದೆ. ಒಂದು ತುತ್ತು ತಿಂದು ತಟ್ಟೆಯನ್ನು ದೂರ ಸರಿಸಿದ.

"ಇದು ಬ್ಯಾಡ. ನಾ ಉಣ್ಣಂಗಿಲ್ಲ."

ನಮ್ಮವರ ಕೈ ತುತ್ತಿನೊಂದಿಗೆ ಅರ್ಧದಲ್ಲಿ ನಿಂತಿತು. ಅವರು ತಮ್ಮನ ಕಣ್ಣು ನೋಡಿದರು, ಆಮೇಲೆ ನನ್ನ ಕಣ್ಣು. ನಾನು ಯಾರ ಕಣ್ಣನ್ನೂ ನೋಡದೆ ಬಗ್ಗಿ, ಶರಣುವಿನ ತಟ್ಟೆಯಿಂದಲೇ ಒಂದು ಹೋಳು ಎತ್ತಿ ಬಾಯಿಗೆ ಹಾಕಿಕೊಂಡೆ.

ಉಪ್ಪು ಎರಡು ಸಲ ಬಿದ್ದಿತ್ತು.